ಬೆಳಗನ್ನು ಮರೆತ ಯಂತ್ರ

ಗಡಿಯಾರ ರಿಪೇರಿಯ ಪುಟ್ಟಿಗೆ ತನ್ನ ಕೈಗುಣದ ಬಗ್ಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು. ಸತ್ತ ಗಡಿಯಾರವೂ ಅವಳ ಮೇಜಿಗೆ ಬಂದರೆ ಎದ್ದು ಕೂರುತ್ತದೆ ಎಂದು ಅಣ್ಣ ಬಂದರಿನ ತುಂಬ ಡಂಗುರ ಸಾರಿದ್ದ. ಅಣ್ಣ ಮುಳುಗುಗಾರ, ಕಡಲ ತಳಕ್ಕೆ ಬಿದ್ದ ಲಂಗರು, ಸರಪಳಿ ಹುಡುಕಿ ಕಟ್ಟಿಕೊಡುವ ಕೆಲಸ.

ಅವತ್ತು ಮಧ್ಯಾಹ್ನ ಒದ್ದೆ ತಲೆಯಲ್ಲೇ ಬಂದು, ಮುಳುಗಿದ ಆಳ, ಹೊತ್ತಿನ ಲೆಕ್ಕ ಇಡುವ ಮಣಿಕಟ್ಟಿನ ಹಳೇ ಡೈವ್ ಕಂಪ್ಯೂಟರ್ ಬಿಚ್ಚಿ ಮುಂದಿಟ್ಟ.

"ಪುಟ್ಟೀ, ಇದರ ಉಸಿರು ನಿಲ್ಲೋ ಹಾಗಿದೆ. ಬೇಗ ಬ್ಯಾಟರಿ ಹಾಕು, ಮತ್ತೆ ಇಳೀಬೇಕು."

"ರಾತ್ರಿ ಕೊಟ್ಟು ಬೆಳಿಗ್ಗೆ ಒಯ್ಯೋದಲ್ವಾ ನಿನ್ನ ಪದ್ಧತಿ?"

"ಲಂಗರು ಇನ್ನೂ ಕೆಳಗೇ ಇದೆ. ಅದು ಪದ್ಧತಿ ಕೇಳುತ್ತಾ?"

ಪುಟ್ಟಿ ಮುಚ್ಚಳ ತಿರುಗಿಸಿ ತೆಗೆದಳು. ಹೊಸ ರಬ್ಬರ್ ಉಂಗುರಕ್ಕೆ ಗ್ರೀಸ್ ಸವರಿದಳು. ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆಂದು ಭೂತಗನ್ನಡಿಯಲ್ಲಿ ಎರಡೆರಡು ಸಲ ನೋಡಿದಳು. ಬ್ಯಾಟರಿ ಕೂರಿಸಿ, ಸಮಯ, ತಾರೀಖು ಹೊಂದಿಸಿ, ನೀರಿನ ಲೋಟದಲ್ಲಿ ಮುಳುಗಿಸಿ ಪರೀಕ್ಷಿಸಿದಳು. ಗಡಿಯಾರದವರಿಗೆ ಅಲ್ಲಿಗೆ ಕೆಲಸ ಮುಗಿಯಿತು.

ಅಣ್ಣ ಪರದೆ ನೋಡಿ ಹಲ್ಲು ಕಿಸಿದ. "ಆಗ ಮತ್ತೆ ಇಳಿಯೋಕೆ ಇನ್ನೂ ಕಾಯಬೇಕು ಅಂತಿತ್ತು, ಈಗ ಕಾಯೋದೇ ಬೇಡವಂತೆ! ಸಾಯೋ ಹೊತ್ತಿಗೆ ಇದಕ್ಕೆ ಬುದ್ಧಿ ಕೆಟ್ಟಿತ್ತು ಅಂತ ಕಾಣುತ್ತೆ. ನಿನ್ನ ಕೈಗುಣ ಕಣೇ."

ಹೊಗಳಿಕೆಗೆ ಉಬ್ಬಿದ ಹುಡುಗಿ, ಅವನು ಊಟದ ಡಬ್ಬಿ ಮರೆತು ಹೋದದ್ದನ್ನೂ ನೋಡಲಿಲ್ಲ.

ಆಮೇಲೆ ಡಬ್ಬಿ ಹಿಡಿದು ಬಂದರಿಗೆ ಹೋಗುವಷ್ಟರಲ್ಲಿ ಅವನು ಇಳಿದಾಗಿತ್ತು. ದಕ್ಕೆಯ ತುದಿಗೆ ಕಟ್ಟಿದ್ದ ದೋಣಿಯಲ್ಲಿ ಹಗ್ಗದ ಮಾವ ಕೂತಿದ್ದರು. ಮುಳುಗಿದವನ ಸೊಂಟದ ಹಗ್ಗ ಹಿಡಿಯುವುದೇ ಅವರ ಕೆಲಸ.

"ಹೊಸ ಬ್ಯಾಟರಿ ಹಾಕಿದ್ದೀನಿ ಮಾವ, ಇನ್ನು ಭಯವಿಲ್ಲ."

ಮಾವನ ಮುಖ ಕಪ್ಪಿಟ್ಟಿತು. "ಇವತ್ತಾ? ಬೆಳಿಗ್ಗೆ ಅಷ್ಟು ಆಳ ಹೋಗಿ ಬಂದ ಮೇಲೆ? ಮಗಳೇ, ಆ ಹಳೇದು ಬ್ಯಾಟರಿ ತೆಗೆದರೆ ಎಲ್ಲಾ ಮರೆತುಬಿಡುತ್ತೆ. ಅವನು ಬೆಳಿಗ್ಗೆ ಇಳಿದೇ ಇಲ್ಲ ಅಂದ್ಕೊಂಡಿರುತ್ತೆ. ರಾತ್ರಿಯೇ ಕೊಡು ಅಂತ ನಾನು ಹೇಳ್ತಿದ್ದೆ. ಯಾಕೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಆಳದಲ್ಲಿ ಎಳೆದುಕೊಂಡ ಗಾಳಿ ರಕ್ತದಲ್ಲಿ ಕರಗಿ ಕೂರುತ್ತದೆ, ಸರಸರ ಮೇಲೆ ಬಂದರೆ ಸೋಡಾ ಬಾಟಲಿ ತೆಗೆದಂತೆ ಮೈಯೊಳಗೆ ನೊರೆ ಎದ್ದು ಕೈಕಾಲೋ ಜೀವವೋ ಹೋಗುತ್ತದೆ ಎಂಬುದು ಪುಟ್ಟಿಗೂ ಗೊತ್ತಿತ್ತು. ಎಲ್ಲಿ, ಎಷ್ಟು ಹೊತ್ತು ತಡೆದು ಬರಬೇಕೆಂದು ಹೇಳುವುದು ಆ ಯಂತ್ರವೇ.

"ಹಗ್ಗ ಜಗ್ಗಿ ಮಾವ!"

"ಜಗ್ಗಿದರೆ ಮೇಲೆ ಬಾ ಅಂತ. ಗಾಬರಿಯಾಗಿ ಬೇಗ ಬರ್ತಾನೆ. ತಡೆದು ತಡೆದು ಬಾ ಅನ್ನೋಕೆ ಹಗ್ಗಕ್ಕೆ ಬಾಯಿಲ್ಲ. ಹಾಗೇ ಬಿಟ್ಟರೆ ರಕ್ತಕ್ಕೆ ಇನ್ನಷ್ಟು ಗಾಳಿ ತುಂಬಿಕೊಳ್ತಾನೆ."

ಅತ್ತ ದರಿ, ಇತ್ತ ಪುಲಿ. ಮಾವ ಆಂಬುಲೆನ್ಸಿಗೆ ಫೋನ್ ಮಾಡಿದರು; ಮಾಡಲು ಉಳಿದದ್ದು ಅಷ್ಟೇ. ನೀರಿನ ಮೇಲೆ ಗುಳ್ಳೆ ಏಳುತ್ತಲೇ ಇತ್ತು. ಎಂಥ ಗಡಿಯಾರವನ್ನೂ ಬಿಚ್ಚಿ ಜೋಡಿಸುವ ಕೈಗಳು ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದವು.

ಅಣ್ಣ ಬಂದ, ಎಲ್ಲೂ ತಡೆಯದೆ. ಏಣಿ ಹತ್ತಿ, ಮಾಸ್ಕ್ ತೆಗೆದು, ಮಣಿಕಟ್ಟು ಎತ್ತಿ ತೋರಿಸಿದ.

"ನೋಡೇ ಪುಟ್ಟಿ, ಒಂದು ಹನಿ ನೀರು ಹೋಗಿಲ್ಲ!"

ಅವನು ಹಲಗೆಯ ಮೇಲೆ ಕೂತು ತೊಡೆ ತಿಕ್ಕಿಕೊಂಡ.

"ಕಾಲು ಯಾಕೋ ಜೋಮು ಹಿಡಿದ ಹಾಗಿದೆ. ಸ್ವಲ್ಪ ಒತ್ತೇ."

ಅವಳು ಮೊಣಕಾಲೂರಿ ಕೂತಳು.

"ಯಾಕೆ ಸುಮ್ಮನೆ ಕೂತೆ? ಒತ್ತು," ಎಂದ ಅಣ್ಣ.

ಪುಟ್ಟಿ ಆಗಲೇ ಎರಡೂ ಕೈಯಿಂದ, ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಿದ್ದಳು.