ಹಂಸಗಳಿದ್ದ ಕೆರೆ

ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಚಿತ್ರಾ, ಬಾಣಾವರದ ಆಚೆಗಿರುವ ತನ್ನೂರಿನ ಕೆರೆಯ ಮೇಲೇ ಸಂಶೋಧನೆ ಮಾಡಿದ್ದಳು. ಹದಿನೇಳನೆಯ ಶತಮಾನದ ಪಾಳೆಯಗಾರನೊಬ್ಬನ ಆಸ್ಥಾನಕವಿ ಆ ಕೆರೆಯನ್ನು ಒಂದು ಸಂಧಿಯುದ್ದಕ್ಕೂ ಹೊಗಳಿದ್ದ. ಗುಡ್ಡದ ಬುಡ ಮುಟ್ಟುವ ನೀರು, ದಡದ ಹೊಂಗೆತೋಪು, ತಾವರೆ, ಹಂಸ. ಹಂಸವನ್ನು ಅವಳು ನಂಬಲಿಲ್ಲ. ಕೆರೆ ಬಂದಲ್ಲಿ ಹಂಸ ತರುವುದು ಕವಿಗಳ ರೂಢಿ. ಉಳಿದದ್ದನ್ನೆಲ್ಲ ನಂಬಿದಳು. ‘ಈ ಕವಿ ಕಾಣದ್ದನ್ನು ಬರೆದವನಲ್ಲ’ ಎಂದು ಬರೆದು, ಹಳೆಯ ನೀರಿನಂಚನ್ನು ನಕ್ಷೆಯಲ್ಲಿ ನೀಲಿ ಗೆರೆಯಾಗಿ ಎಳೆದಳು. ಗೆರೆಯೊಳಗೆ ತನ್ನ ಕೇರಿಯೂ ಸೇರಿದ್ದು ಅವಳಿಗೆ ಕಂಡಿತ್ತು. ಕೆರೆ ಹಿಂದೆ ಸರಿದ ಮೇಲೆ ನಮ್ಮವರು ಬಂದಿರಬೇಕು ಎಂದು ಒಂದು ಸಾಲು ಸೇರಿಸಿ ಮುಂದೆ ಹೋಗಿದ್ದಳು. ಹಳೇಬೀಡಿನ ವಿಚಾರಸಂಕಿರಣದಲ್ಲಿ ಶಾಲು ಹೊದಿಸಿದ್ದರು.

ಆಮೇಲೆ ಊರಿನಲ್ಲಿ ಕೆರೆ ಉಳಿಸುವ ಸಮಿತಿ ಹುಟ್ಟಿತು. ಕೇರಿ ಒತ್ತುವರಿ, ತೆರವಾಗಬೇಕು ಎಂದು ಅರ್ಜಿ ಹಾಕಿತು. ಜೊತೆಗಿಟ್ಟಿದ್ದು ಅವಳದೇ ನಕ್ಷೆ. ಅವಳ ಅವ್ವ ಗಿಡ್ಡಮ್ಮನ ಮನೆ ಮೊದಲ ಸಾಲಿನಲ್ಲೇ ಇತ್ತು.

ಚಿತ್ರಾ ಸಮಿತಿಯ ಅಧ್ಯಕ್ಷ ಜಯದೇವಪ್ಪನವರ ಮನೆಗೆ ಹೋದಳು. ಕಾವ್ಯದ ವರ್ಣನೆ ಅಳತೆಯಲ್ಲ, ಕವಿ ಏರಿಯ ಮೇಲೆ ನಿಂತು ನೋಡಿದವನು, ಕೇರಿಗೆ ಇಳಿದವನಲ್ಲ ಎಂದು ಬಿಡಿಸಿ ಹೇಳಿದಳು. ಅವರು ಕಾಫಿ ತರಿಸಿ, ಅವಳ ಲೇಖನವನ್ನೇ ಮುಂದಿಟ್ಟರು.

“ನೀವೇ ಬರ್ದಿದ್ದೀರಲ್ಲ ಮೇಡಂ, ಕಾಣದ್ದನ್ನ ಬರೆದವನಲ್ಲ ಅಂತ. ಈಗ ಮನೆ ನಿಮ್ಮವ್ವಂದು ಅಂತ ಕವಿ ಸುಳ್ಳುಗಾರ ಆಗ್ಬಿಟ್ನಾ?”

ತನ್ನದೇ ತಪ್ಪು ಎಂದು ಅವಳು ಬರೆದುಕೊಟ್ಟ ಹೇಳಿಕೆಯನ್ನು ವಿಚಾರಣೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಗಳಲ್ಲವೇ, ಹಾಗೇ ಹೇಳುತ್ತಾಳೆ ಎಂದರು. ಕೇರಿಗೆ ಹಕ್ಕುಪತ್ರ ಇರಲಿಲ್ಲ. ಜೆಸಿಬಿ ಬಂತು. ಗಿಡ್ಡಮ್ಮ ಅರಸೀಕೆರೆಗೆ, ಮಗಳ ಬಾಡಿಗೆ ಮನೆಗೆ ಬಂದಳು.

ಕಳೆದ ವಾರ ಅವ್ವ ಹಟ ಹಿಡಿದಳೆಂದು ಚಿತ್ರಾ ಊರಿಗೆ ಕರೆದುಕೊಂಡು ಹೋದಳು. ಮನೆಯಿದ್ದ ಜಾಗಕ್ಕೆ ತಂತಿಬೇಲಿ. ಬೇಲಿಗೆ ದೊಡ್ಡ ಬೋರ್ಡು, ಅದರಲ್ಲಿ ಕಾವ್ಯದ ಪದ್ಯಗಳು, ಕೆಳಗೆ ಸಂಶೋಧಕಿಯ ಹೆಸರು. ಗಿಡ್ಡಮ್ಮ ಓದು ಎಂದಳು. ಚಿತ್ರಾ ಓದಿ ಅರ್ಥ ಹೇಳಿದಳು.

“ಕೆರೆ ತೋಡಿದ್ದು ನಮ್ಮೋರೇ ಅಂತ ನಮ್ಮಜ್ಜಿ ಹೇಳೋಳು. ಅದ್ಯಾಕೆ ಬರಲಿಲ್ಲ?”

“ಬರ್ದಿಲ್ಲ ಕಣವ್ವ.”

“ಕೇರಿ?”

“ಅದೂ ಇಲ್ಲ.”

“ಹಂಸ ಐತೆ?”

“ಐತೆ.”

ಗಿಡ್ಡಮ್ಮ ಬೋರ್ಡಿನ ಕೆಳಗಿದ್ದ ಮಗಳ ಹೆಸರನ್ನೇ ನೋಡುತ್ತ ನಿಂತಳು. ಅವಳಿಗೆ ಓದಲು ಬರುತ್ತಿದ್ದ ಅಕ್ಷರ ಅವಷ್ಟೇ.