ನಲವತ್ತು ಕೋಣೆಗಳ ನೀರು

ಚಟ್ಟ ತಿರುಗಲಿಲ್ಲ. ಚಾಳಿನ ಮೂರನೆಯ ಮಹಡಿಯಲ್ಲಿ ಅದನ್ನು ಕಟ್ಟಿದವರು ಐದು ಮಂದಿ; ಕಟ್ಟುವ ಮೊದಲು ಮೆಟ್ಟಿಲಿನ ಅಗಲ ನೋಡಿದವರು ಒಬ್ಬರೂ ಇಲ್ಲ.

“ಖಾಲಿ ಚಟ್ಟವೇ ಹೋಗುದಿಲ್ಲ, ಮಾಷ್ಟ್ರನ್ನು ಮಲಗಿಸಿದ ಮೇಲೆ ಹೋಗ್ತದಾ ಮಾರಾಯ್ರೆ?” ಎಂದ ಕೆಳಗಿನ ಹೋಟೆಲಿನ ಚೆನ್ನಯ. “ಬಿಚ್ಚಿ. ಅಂಗಳದಲ್ಲಿ ಪುನಃ ಕಟ್ಟುವ. ಜಯಸಿಂಹ, ನೀನು ಕೌಸಲ್ಯಮ್ಮನ ಹತ್ತಿರ ಕೂತುಕೋ.”

ಜಯಸಿಂಹನಿಗೆ ಇಪ್ಪತ್ತಮೂರು, ಘಾಟ್ಕೋಪರಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ವೆಂಕಟಸುಬ್ಬಯ್ಯ ಮೇಷ್ಟರು ಅವನಿಗೆ ಗಣಿತ ಕಲಿಸಿದವರು, ಎರಡು ಬಾಗಿಲು ಆಚೆಯ ಕೋಣೆಯವರು. ನಿನ್ನೆ ಸಂಜೆ ಕೆಳಗಿನ ನಲ್ಲಿಯಿಂದ ನೀರು ತರುತ್ತಿದ್ದವರು ಎರಡನೆಯ ಮಹಡಿಯಲ್ಲಿ ಬಕೆಟ್ ಇಳಿಸಿ, ಪಕ್ಕದಲ್ಲೇ ಕುಳಿತರು. ಮತ್ತೆ ಏಳಲಿಲ್ಲ. ನೀರು ತೊಟ್ಟೂ ಚೆಲ್ಲಿರಲಿಲ್ಲ. ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಕೌಸಲ್ಯಮ್ಮ ಗಂಡನ ತಲೆಯ ಬಳಿ ಕೂತಿದ್ದರು.

“ಹೆಡ್ಮಾಸ್ಟರ್ ಆಗಿದ್ರೆ ಶಾಲೆ ಹಿಂದಿನ ಮನೇಲಿರ್ತಿದ್ವಿ ಕಣೋ. ನೆಲಮಹಡಿ. ಒಳಗೇ ನಲ್ಲಿ. ಸುಳ್ಳು ಅಂಕಿ ಬರೆದು ಕಳ್ಕೊಂಡ್ರು, ಪುಣ್ಯಾತ್ಮ. ನಾನೂ ಬಿಡ್ಲಿಲ್ಲ. ಏಳು ವರ್ಷ, ಒಂದೊಂದು ಬಕೆಟ್ಟಿಗೂ ಚುಚ್ಚಿ ಆಡಿದೀನಿ. ನಿನ್ನೆ ಸಂಜೇನೂ ಆಡ್ದೆ.”

*

೧೯೫೧. ಮೇಷ್ಟರು ಹಲಗೆಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದಿದ್ದರು.

“ಅಡ್ಡಕ್ಕೆ ಕೋಣೇಲಿರೋ ಜನ. ಮೇಲಕ್ಕೆ ದಿನಕ್ಕೆ ತರೋ ಬಕೆಟ್ಟು. ಒಂದು ಕೋಣೆಗೆ ಒಂದು ಚುಕ್ಕಿ. ಜನ ಹೆಚ್ಚಿದ ಹಾಗೆ ನೀರೂ ಹೆಚ್ಚುತ್ತಾ, ಅದನ್ನ ಎಷ್ಟು ನೆಚ್ಚಬಹುದು, ಚುಕ್ಕಿಗಳ ಗುಂಪೇ ಹೇಳುತ್ತೆ. ಜಯಸಿಂಹ, ಹೋಗಿ ನಮ್ಮ ಚಾಳಿನ ನಲವತ್ತು ಬಾಗಿಲೂ ತಟ್ಟಿ ಬಾ.”

ಜಯಸಿಂಹ ಒಂದು ಬಾಗಿಲೂ ತಟ್ಟಲಿಲ್ಲ. ಆ ಭಾನುವಾರ ಕ್ರಿಕೆಟ್ ಇತ್ತು. ತಲೆಗೆ ಮೂರು ಬಕೆಟ್ ಎಂದು ಗುಣಿಸಿ, ಗ್ರಾಫ್ ಕಾಗದದ ಮೇಲೆ ನಲವತ್ತು ಚುಕ್ಕಿ ಇಟ್ಟ. ಅವು ಕವಾಯತಿನ ಪೊಲೀಸರಂತೆ ಒಂದೇ ಸಾಲಿಗೆ ನಿಂತವು.

“ನಮ್ಮ ಚಾಳಿಗೆ ಇಷ್ಟು ಶಿಸ್ತು ಯಾವಾಗ ಬಂತೋ?” ಎಂದರು ಮೇಷ್ಟರು. “ಸಾಲು ತಪ್ಪಿದ ಚುಕ್ಕಿ ಒಂದಾದರೂ ಬೇಡ್ವೇ? ನಾಳೆ ಕೇಳ್ಕೊಂಡು ಬಾ.”

ನಾಳೆಗೆ ಮೊದಲೇ ಶಾಲಾ ಇನ್ಸ್‌ಪೆಕ್ಟರು ಬಂದರು. ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಹಿಡಿದರು.

“ಇದು ಕೂತಲ್ಲೇ ಬರೆದದ್ದು. ಯಾರ ಕೆಲಸ?”

ಹಾಳೆಯ ಮೇಲೆ ಹೆಸರಿರಲಿಲ್ಲ. ಸ್ಕಾಲರ್‌ಶಿಪ್ಪಿಗೆ ಜಯಸಿಂಹನ ಹೆಸರು ಅದೇ ವಾರ ಹೋಗಬೇಕಿತ್ತು. ಅವನು ಮಸಿ ಕುಡಿಕೆಯೊಳಗೆ ನೋಡುತ್ತ ಕೂತ. ಮೇಷ್ಟರು ಅವನ ಕಡೆ ಒಮ್ಮೆ ನೋಡಿ, ಇನ್ಸ್‌ಪೆಕ್ಟರ ಕಡೆ ತಿರುಗಿದರು.

“ನಂದೇ ಸಾರ್.”

“ವಿದ್ಯಾರ್ಥಿಗಳು ಸಂಗ್ರಹಿಸಿದ್ದು ಅಂತ ತಲೆಬರಹ ಇದೆ?”

“ಅದೂ ನಂದೇ.”

ಮರುತಿಂಗಳು, ಮೇಷ್ಟರಿಗೆ ಬರಬೇಕಿದ್ದ ಹೆಡ್ಮಾಸ್ಟರ್ ಕುರ್ಚಿಗೆ ಬೇರೆಯವರು ಬಂದರು. ಜಯಸಿಂಹನಿಗೆ ಸ್ಕಾಲರ್‌ಶಿಪ್ ಬಂತು.

*

“ಅಮ್ಮಾ, ಆ ಅಂಕಿ ಮೇಷ್ಟರದ್ದಲ್ಲ. ನಾನು ಬರೆದದ್ದು.”

ಕೌಸಲ್ಯಮ್ಮ ತಲೆ ಎತ್ತಿದರು. “ನನ್ಹತ್ರಾನೂ ನಂದೇ ಅಂದ್ರಲ್ಲೋ.”

“ನನ್ನನ್ನ ಉಳಿಸೋಕೆ.”

“ಹೂಂ. ನಿಮ್ಮಮ್ಮನ ಜೊತೆ ದಿನಾ ನಲ್ಲಿ ಹತ್ರ ನಿಲ್ತಿದ್ದೆ. ಗೊತ್ತಾಗಿದ್ರೆ ಸುಮ್ನಿರೋಳಾ ನಾನು?” ಗಂಡನ ಹೊದಿಕೆ ಸರಿಪಡಿಸಿ ಕೇಳಿದರು: “ನಮ್ಮ ಕೋಣೆಗೆ ಎಷ್ಟು ಬರ್ದಿದ್ದೆ?”

“ಮೂರು ಜನ. ಒಂಬತ್ತು ಬಕೆಟ್.”

“ಹದಿನಾರು. ನಮ್ಮತ್ತೆ ಹಾಸಿಗೆ ಹಿಡಿದ ವರ್ಷ ಅದು. ದಿನಾ ಹಾಸಿಗೆಬಟ್ಟೆ ಒಗೀಬೇಕಿತ್ತು.” ಬಾಗಿಲಿನ ಕಡೆ ನೋಡಿದರು. “ಎರಡು ಬಾಗಿಲು, ಜಯಸಿಂಹ. ನೀನು ಬಂದು ಕೇಳಿದ್ರೆ ಹೇಳ್ತಿದ್ದೆ.”

ಕೆಳಗಿನಿಂದ ಚೆನ್ನಯ ಕೂಗಿದ.

ನಾಲ್ವರು ಮೇಷ್ಟರನ್ನು ತೋಳಿನಲ್ಲಿ ಹಿಡಿದು ಇಳಿಸಿ, ಅಂಗಳದಲ್ಲಿ ಚಟ್ಟದ ಮೇಲೆ ಮಲಗಿಸಿದರು. ಹೆಂಗಸರು ಮೆಟ್ಟಿಲ ತಲೆಯಲ್ಲಿ ನಿಂತರು. ಕೌಸಲ್ಯಮ್ಮ ನಿಲ್ಲಲಿಲ್ಲ. ಚಟ್ಟ ಅಂಗಳ ದಾಟಿತು, ಗೇಟು ದಾಟಿತು. ಅವರು ಬರಿಗಾಲಲ್ಲಿ ಚಟ್ಟದ ಪಕ್ಕವೇ ನಡೆದು ಬರುತ್ತಿದ್ದರು.

“ಅಮ್ಮಾ, ಇಲ್ಲಿಗೆ ನಿಲ್ಲಿ. ಹೆಂಗಸರು ಬರುವ ಕ್ರಮ ಇಲ್ಲ,” ಎಂದ ಚೆನ್ನಯ. ಇನ್ನೊಮ್ಮೆ ಹೇಳಲು ಬಾಯಿ ತೆರೆದವನು ಅವರ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ದಾದರಿನ ಟ್ರಾಮ್ ಹಳಿಯ ಬಳಿ ಅವರು ಚಟ್ಟದ ಬಿದಿರು ಹಿಡಿದು, ಗಂಡನ ಕಿವಿಯ ಹತ್ತಿರಕ್ಕೆ ಮುಖ ಎತ್ತಿ, ಬಿಡದೆ ಏನೋ ಹೇಳತೊಡಗಿದರು. ಬರುತ್ತಿದ್ದ ಟ್ರಾಮ್ ಗಂಟೆ ಬಾರಿಸದೆ ನಿಂತು ದಾರಿ ಕೊಟ್ಟಿತು. ಅಷ್ಟು ನಿಶ್ಶಬ್ದದಲ್ಲೂ, ಕಾಲಿನ ಕಡೆ ಹೆಗಲು ಕೊಟ್ಟಿದ್ದ ಜಯಸಿಂಹನಿಗೆ ಅವರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು.