ಬೀಜ ಬಿಡುವವಳ ನಡಿಗೆ

ಗೋಕಾಕದಿಂದ ಹುಕ್ಕೇರಿಯವರೆಗೆ ಎಷ್ಟು ಕಂಪ್ಯೂಟರ್‌ಗಳಿವೆಯೋ ಅವೆಲ್ಲ ನನ್ನ ಹೆಜ್ಜೆ ಸಪ್ಪಳಕ್ಕೆ ತಾವಾಗಿಯೇ ಚಾಲೂ ಆಗುತ್ತವೆ. ಪ್ರೋಗ್ರಾಮಿಂಗ್ ಭಾಷೆಗಳು ನನಗೆ ನಲವತ್ತು ಬರುತ್ತವೆ. ನಲವತ್ತೊಂದನೆಯದನ್ನು ನಾನೇ ಹುಟ್ಟಿಸಬೇಕೆಂದಿದ್ದೆ, ಪುರುಸೊತ್ತು ಸಿಗಲಿಲ್ಲ.

ಮೂಡಲಗಿಯಲ್ಲಿ ಮಣ್ಣು ಪರೀಕ್ಷೆಯ ಲ್ಯಾಬ್ ತೆರೆದ ನೇತ್ರಾ ನನ್ನನ್ನು ಕರೆಸಿದ್ದು ಅದಕ್ಕೇ. ಯಂತ್ರದ ಅಂಕಿ ಓದಿ, ಯಾವ ಹೊಲಕ್ಕೆ ಎಷ್ಟು ಗೊಬ್ಬರವೆಂದು ಹೇಳುವ ಸಾಫ್ಟ್‌ವೇರ್ ಬೇಕಿತ್ತು. ಇಂಟರ್ನೆಟ್ ಇರಲಿ ಬಿಡಲಿ, ಅವಳ ಮೇಜಿನ ಕಂಪ್ಯೂಟರಿನಲ್ಲೇ ನಡೆಯಬೇಕು. ಬಿತ್ತನೆ ಹತ್ತಿರ ಬಂದಿತ್ತು. ತುಕ್ಕಾನಟ್ಟಿಯ ಅರವತ್ತು ಹೊಲಗಳ ಮಣ್ಣು ಚೀಲಗಳಲ್ಲಿ ಕಾಯುತ್ತಿತ್ತು. ಲೆಕ್ಕ ತಪ್ಪಿದರೆ ಹೊಸ ಲ್ಯಾಬಿನ ಬಾಗಿಲು ಮತ್ತೆ ಯಾರೂ ತುಳಿಯರು.

“ಸಿ ಪ್ಲಸ್ ಪ್ಲಸ್‌ನ್ಯಾಗ ಬರೀತೀನಿ. ನೀ ಕಣ್ಣು ಪಿಳುಕಿಸೂದ್ರಾಗ ಅರವತ್ತೂ ರಿಪೋರ್ಟ್ ಹೊರಗ!” ಎಂದೆ.

“ನನಗ ಬರೂದು ಪೈಥಾನ್ ಒಂದ ರೀ ಸರ್,” ಎಂದಳು ನೇತ್ರಾ. “ಅದೂ ಕಾಲೇಜಿನ್ಯಾಗ ಕಲ್ತಷ್ಟು.”

“ಅದರದು ಆಮಿ ನಡಿಗಿ ತಂಗಿ. ನನ್ನ ಮರ್ಯಾದಿ ಏನಾಗಬೇಕು?”

ಮಣ್ಣು ತಂದು ಕೂತಿದ್ದ ದುಂಡವ್ವ ನಕ್ಕಳು. ಆಯುಷ್ಯವೆಲ್ಲ ಕೂರಿಗೆಯ ಹಿಂದೆ ನಡೆದು ಬೀಜ ಬಿಟ್ಟ ಮುದುಕಿ.

“ತಮ್ಮಾ, ಬಿತ್ತುವಾಗ ಎತ್ತು ಎಷ್ಟು ಜೋರ ನಡೀಬೇಕು ಅಂತ ಯಾರು ಹೇಳ್ತಾರ?”

“ಎತ್ತು ಹೊಡಿಯಾಂವ.”

“ಹುಚ್ಚಪ್ಪಾ! ಬೀಜ ಬಿಡಾಕಿ. ಎತ್ತು ಓಡಿದ್ರ ಆಕಿ ಕೈ ಸಾಲೂದಿಲ್ಲ, ಸಾಲು ಖಾಲಿ ಬೀಳ್ತಾವ. ನೀ ಗೋಕಾಕಕ್ಕ ಹೋದಮ್ಯಾಲ ಇಲ್ಲಿ ಬೀಜ ಬಿಡಾಕಿ ಯಾರು?”

ನೇತ್ರಾಳ ಮುಖ ನೋಡಿದೆ. ನಾನು ಹೋದಮೇಲೆ ಇದನ್ನು ನಡೆಸಬೇಕಾದವಳು ಅವಳೇ.

ಅವಳನ್ನು ಬಾಜೂ ಕೂರಿಸಿಕೊಂಡು ಪೈಥಾನ್‌ನಲ್ಲೇ ಬರೆದೆ. ಒಂಬತ್ತು ದಿನ ಹಿಡಿಯಿತು. ಊರಿಗೆಲ್ಲ ಒಂಬತ್ತು ತಾಸು ಎಂದೇ ಹೇಳಿದ್ದೇನೆ.

ಬಿತ್ತನೆಗೆ ನಾಲ್ಕು ದಿನವಿರುವಾಗ ನಾನು ಹುಕ್ಕೇರಿಯಲ್ಲಿ ಮದುವೆಯ ಪಂಕ್ತಿಯಲ್ಲಿ ಕೂತಿದ್ದೆ. ನೇತ್ರಾಳ ಫೋನ್ ಬಂತು.

“ಸರ್, ರಂಜಕದ ಲೆಕ್ಕ ಹತ್ತು ಪಟ್ಟು ಹೆಚ್ಚ ಬರಾಕತ್ತಿತ್ತು. ದುಂಡವ್ವ ಆಯಿ ಹೊಲಕ್ಕ ಐವತ್ತು ಚೀಲ ಗೊಬ್ಬರ ಹಾಕ್ರಿ ಅಂತಿತ್ತು!”

ಬಾಯಲ್ಲಿದ್ದ ಜಿಲೇಬಿ ಕಹಿಯಾಯಿತು. ದಶಾಂಶದ ಚುಕ್ಕೆ ತಪ್ಪಿಟ್ಟವನು ನಾನೇ.

“ತಡಿ, ಈಗ ಬಂದೆ!”

“ಬ್ಯಾಡ್ರಿ. ನಾನ ಸರಿ ಮಾಡೀನಿ, ಕೈಲೆ ಲೆಕ್ಕ ಹಾಕಿ ತಾಳೆ ಮಾಡಿನೂ ನೋಡೀನಿ. ಅರವತ್ತೂ ರಿಪೋರ್ಟ್ ಕೊಟ್ಟಾತು. ನೀವು ಊಟ ಮಾಡ್ರಿ.”

ಪೈರು ಮೊಣಕಾಲುದ್ದ ಬಂದಾಗ ನೇತ್ರಾಳನ್ನು ಕರೆದುಕೊಂಡು, ಎರಡು ಕ್ವಿಂಟಲ್ ಕರದಂಟು ಹೊತ್ತುಕೊಂಡು ದುಂಡವ್ವನ ಹೊಲಕ್ಕೆ ಹೋದೆ. ಹೋಗಲಿ, ಎರಡು ಕಿಲೋ. ಒಂದು ನೇತ್ರಾಳಿಗೆ, ಒಂದು ದುಂಡವ್ವನಿಗೆ.

“ಸಾಲು ಖಾಲಿ ಬಿದ್ದಾವೇನಬೇ ಯವ್ವಾ?”

“ಒಂದೂ ಇಲ್ಲೋ ತಮ್ಮಾ. ನೋಡ ಬಾ.”

ನನ್ನ ಬಾಯಿಗೆ ಸುಳ್ಳಿನ ಚಟವಿದೆ. ಆದರೆ ಆ ಬದುವಿನ ಮೇಲೆ ನಿಂತು ಇಬ್ಬರಿಗೂ ಕೈ ಮುಗಿದದ್ದು ಖರೆ.